ಘಾನಾಕ್ಕೆ ಹೋಗುವವರಿಗೆ: ಲಸಿಕೆ, ಊಟ, ದಾರಿ, ದುಡ್ಡು, ನೋಡಬೇಕಾದ್ದು – ಗೊತ್ತಿರುವವರು ಹೇಳಿ

ಮಲೆನಾಡ_ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರು ಮಂಗಳೂರಿನ ಗೇರುಬೀಜ ವ್ಯಾಪಾರಿಯೊಬ್ಬರ ಪರವಾಗಿ ಖರೀದಿ ಕೆಲಸಕ್ಕೆ ಘಾನಾದಲ್ಲಿದ್ದಾರೆ. ಊರು ಟೆಚಿಮಾನ್. ಸೀಸನ್ ಶುರುವಾದರೆ ಅವರು ಕೈಗೆ ಸಿಗುವುದಿಲ್ಲ, ಅದಕ್ಕೇ ಜನವರಿಯಲ್ಲಿ ನಾನೂ ಅತ್ತೆಯೂ ಹೋಗಿ ಬರೋಣ ಅಂತಿದ್ದೇವೆ. ಅತ್ತೆಗೆ 66 ವರ್ಷ. ಬಿಪಿ ಮಾತ್ರೆ ಬಿಟ್ಟರೆ ಬೇರೇನೂ ತೊಂದರೆ ಇಲ್ಲ. ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ.

ಇವರನ್ನು ಕೇಳಿದರೆ "ಬನ್ನಿ, ಎಲ್ಲ ಆಗುತ್ತೆ" ಅನ್ನುತ್ತಾರೆ. ನೆಂಟರನ್ನು ಕೇಳಿದರೆ ಹೆದರಿಸುತ್ತಾರೆ. ವೀಸಾ, ಲಸಿಕೆ, ಊಟ, ದುಡ್ಡು, ಓಡಾಟ, ಅಲ್ಲಿ ಏನೇನು ನೋಡಬಹುದು, ಹೋಗಿ ಬಂದವರು ದಯವಿಟ್ಟು ತಿಳಿಸಿ.

ತೇಮಾ_ನಿವಾಸಿ

ಮೇಡಂ, ನಾನು ತೇಮಾ ಬಂದರಿನ ಹತ್ತಿರ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ, ಸಂಸಾರವೂ ಇಲ್ಲೇ. ಮೊದಲು ಹೆದರಿಕೆಯ ವಿಷಯ. ಘಾನಾ 1957ರ ಮಾರ್ಚ್ 6ರಂದು ಸ್ವತಂತ್ರವಾಯಿತು. 1992ರ ಸಂವಿಧಾನ ಬಂದ ಮೇಲೆ ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ ನಡೆದು, ಸೋತವರು ಅಧಿಕಾರ ಬಿಟ್ಟುಕೊಟ್ಟು ಹೋಗಿದ್ದಾರೆ. ಸುತ್ತಲಿನ ಕೆಲವು ದೇಶಗಳ ಸುದ್ದಿ ಓದಿ ಘಾನಾವನ್ನು ಅಳೆಯಬೇಡಿ. ಇಂಗ್ಲಿಷ್ ಆಡಳಿತ ಭಾಷೆ. ಪೇಟೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಹರುಕು ಮುರುಕು ಇಂಗ್ಲಿಷಿನಲ್ಲಿ ಎಲ್ಲ ನಡೆಯುತ್ತದೆ. ಟೆಚಿಮಾನ್ ಕಡೆ ಟ್ವಿ ಭಾಷೆ ಹೆಚ್ಚು, "ಮೆದಾಸೆ" ಅಂದರೆ ಧನ್ಯವಾದ. ಅದೊಂದನ್ನು ಕಲಿತು ಬನ್ನಿ, ಜನ ಬಹಳ ಖುಷಿಪಡುತ್ತಾರೆ.

ವೀಸಾ ಬೇಕೇ ಬೇಕು. ದೆಹಲಿಯಲ್ಲಿರುವ ಘಾನಾ ಹೈಕಮಿಷನ್ ಕೊಡುತ್ತದೆ. ಯಜಮಾನರ ಆಹ್ವಾನ ಪತ್ರ, ಅವರ ನಿವಾಸ ಪರವಾನಗಿಯ ಪ್ರತಿ, ಹೋಗಿಬರುವ ಟಿಕೆಟ್, ಹಳದಿ ಜ್ವರದ ಲಸಿಕೆಯ ಪತ್ರ ತಯಾರಿಟ್ಟುಕೊಳ್ಳಿ. ಟೋಗೋದ ರಾಜಧಾನಿ ಲೋಮೆ ಗಡಿಗೆ ಅಂಟಿಕೊಂಡೇ ಇದೆ, ಹಾಗೆ ಒಂದು ಸುತ್ತು ಹಾಕಿ ಬರೋಣ ಅನ್ನಿಸುತ್ತದೆ. ಅದಕ್ಕೆ ಬೇರೆ ವೀಸಾ ಬೇಕು, ವಾಪಸ್ ಬರಲು ಘಾನಾ ವೀಸಾ ಒಂದಕ್ಕಿಂತ ಹೆಚ್ಚು ಪ್ರವೇಶದ್ದಾಗಿರಬೇಕು.

ಭಾರತದಿಂದ ನೇರ ವಿಮಾನ ಇಲ್ಲ. ಅಡಿಸ್ ಅಬಾಬಾ, ದುಬೈ ಅಥವಾ ದೋಹಾ ಮೂಲಕ ರಾಜಧಾನಿ ಆಕ್ರಾಕ್ಕೆ ಬರಬೇಕು. ಅತ್ತೆಯವರು ಜೊತೆಗಿರುವುದರಿಂದ ನಡುವಿನ ಕಾಯುವಿಕೆ ಕಡಿಮೆ ಇರುವ ಟಿಕೆಟ್ ತೆಗೆಯಿರಿ, ಸ್ವಲ್ಪ ದುಬಾರಿಯಾದರೂ ಪರವಾಗಿಲ್ಲ. ವೀಲ್‌ಚೇರ್ ಸೌಲಭ್ಯ ಬುಕಿಂಗ್‌ನಲ್ಲೇ ಕೇಳಿ. ಗಡಿಯಾರ ಐದೂವರೆ ಗಂಟೆ ಹಿಂದಕ್ಕೆ ಹೋಗುತ್ತದೆ, ಶೂನ್ಯ ರೇಖಾಂಶ ನಮ್ಮ ತೇಮಾ ಊರಿನ ಮೇಲೇ ಹಾದುಹೋಗುತ್ತದೆ. ಕರೆಂಟು 230 ವೋಲ್ಟ್, ಕುಕ್ಕರು ಮಿಕ್ಸಿ ಎಲ್ಲ ನಡೆಯುತ್ತವೆ. ಆದರೆ ಸಾಕೆಟ್ಟು ಬ್ರಿಟನ್ನಿನ ಚೌಕ ಪಿನ್ನಿನದು, ಅಡಾಪ್ಟರ್ ತನ್ನಿ. ಕರೆಂಟು ಹೋಗಿ ಬಂದು ಮಾಡುವುದಕ್ಕೆ ಇಲ್ಲಿ "ದುಮ್ಸೋರ್" ಅನ್ನುತ್ತಾರೆ, ಪವರ್ ಬ್ಯಾಂಕ್ ಇರಲಿ.

ಅತ್ತೆಯವರಿಗೆ ಇದನ್ನು ಮನದಟ್ಟು ಮಾಡಿ: ಇಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ. 1974ರವರೆಗೆ ನಮ್ಮ ಹಾಗೆ ಎಡಬದಿಯೇ ಇತ್ತು, ಆಮೇಲೆ ಬದಲಾಯಿಸಿದರು. ರಸ್ತೆ ದಾಟುವಾಗ ಅಭ್ಯಾಸಬಲದಿಂದ ಬಲಕ್ಕೆ ನೋಡಿ ಕಾಲಿಟ್ಟರೆ ಎಡದಿಂದ ವಾಹನ ಬಂದುಬಿಡುತ್ತದೆ. ಮೊದಲ ಕೆಲವು ದಿನ ಕೈ ಹಿಡಿದೇ ದಾಟಿಸಿ.

ಕಾರ್ಕಳ_ಗೇರುಬೀಜ

ಟೆಚಿಮಾನ್, ವೆಂಚಿ, ಸಂಪಾ ಈ ಮೂರು ಊರು ಗೊತ್ತಿಲ್ಲದ ಗೇರುಬೀಜದವರು ಕರಾವಳಿಯಲ್ಲಿ ಕಡಿಮೆ. ನಮ್ಮ ಫ್ಯಾಕ್ಟರಿಗಳಿಗೆ ಇಲ್ಲಿಯ ತೋಟದ ಬೀಜ ಸಾಲುವುದೇ ಇಲ್ಲ, ಪಶ್ಚಿಮ ಆಫ್ರಿಕಾದ್ದು ಬಂದರೆ ಮಾತ್ರ ವರ್ಷಪೂರ್ತಿ ಕೆಲಸ ಉಂಟು. ಫೆಬ್ರವರಿಯಿಂದ ಬೀಜ ಬೀಳ್ಲಿಕ್ಕೆ ಶುರು. ನೀವು ಜನವರಿ ಅಂತ ಇಟ್ಟದ್ದು ಸರಿಯೇ ಆಯ್ತು.

ದಾರಿ ಹೀಗೆ. ಆಕ್ರಾದಿಂದ ಕುಮಾಸಿ ಸುಮಾರು 250 ಕಿ.ಮೀ., ಕುಮಾಸಿಯಿಂದ ಟೆಚಿಮಾನ್ ಇನ್ನೊಂದು 120. ನೋಡ್ಲಿಕ್ಕೆ ಕಡಿಮೆ ಕಾಣ್ತದೆ, ಆದರೆ ಆಕ್ರಾ ಬಿಟ್ಟು ಹೊರಗೆ ಬರುವುದೇ ಒಂದು ಕೆಲಸ. ನನ್ನ ಮಾತು ಕೇಳಿದರೆ ಆಕ್ರಾದಲ್ಲಿ ಒಂದು ರಾತ್ರಿ ಉಳಿದು, ಬೆಳಗ್ಗೆ ಕುಮಾಸಿಗೆ ವಿಮಾನದಲ್ಲಿ ಹೋಗಿ, ಒಂದು ಗಂಟೆಯೂ ಬೇಡ. ಅಲ್ಲಿಂದ ಕಾರು. ಬಸ್ಸಾದರೆ ಎಸ್‌ಟಿಸಿ ಚೆನ್ನಾಗಿ ಉಂಟು, ಎ.ಸಿ. ಜೋರಾಗಿ ಇಡ್ತಾರೆ, ಶಾಲು ಇರಲಿ. ಎಂತ ಬೇಕಾದರೂ ಮಾಡಿ, ಕತ್ತಲಾದ ಮೇಲೆ ಹೆದ್ದಾರಿಯಲ್ಲಿ ಮಾತ್ರ ಹೋಗಬೇಡಿ. ಈ ದೇಶದಲ್ಲಿ ಹೆದರಬೇಕಾದದ್ದು ಕಳ್ಳರಿಗಲ್ಲ, ರಾತ್ರಿ ಲೈಟಿಲ್ಲದೆ ರಸ್ತೆ ಮಧ್ಯೆ ಕೆಟ್ಟು ನಿಂತ ಲಾರಿಗೆ.

ಶನಿವಾರವೂ ಪ್ರಯಾಣ ಬೇಡ. ಅಲ್ಲಿ ಶವಸಂಸ್ಕಾರ ಅಂದರೆ ದೊಡ್ಡ ಸಮಾರಂಭ, ಹೆಚ್ಚಿನವು ಶನಿವಾರವೇ. ಊರಿಗೆ ಊರೇ ಕಪ್ಪು ಕೆಂಪು ಬಟ್ಟೆ ಹಾಕಿ ಹೊರಟಿರ್ತದೆ, ರಸ್ತೆ ಪೂರ್ತಿ ಬ್ಲಾಕ್. ಭಾನುವಾರ ಚರ್ಚು, ಅಂಗಡಿ ಬಾಗಿಲು.

ಊರೊಳಗೆ "ಟ್ರೋಟ್ರೋ" ಅಂತ ವ್ಯಾನು, ಕಂಡಕ್ಟರನಿಗೆ "ಮೇಟ್" ಅಂತ ಹೇಳ್ತಾರೆ. ಟ್ಯಾಕ್ಸಿಗೆ ಮೀಟರಿಲ್ಲ, ಹತ್ತುವ ಮೊದಲೇ ರೇಟು ಮಾತಾಡಿ. ನಿಮಗೊಬ್ಬರಿಗೇ ಬೇಕಾದರೆ "ಡ್ರಾಪಿಂಗ್" ಅಂತ ಹೇಳಬೇಕು, ಇಲ್ಲದಿದ್ದರೆ ದಾರಿಯಲ್ಲಿ ಬೇರೆಯವರನ್ನೂ ಹತ್ತಿಸ್ತಾರೆ. ಆಕ್ರಾ, ಕುಮಾಸಿಯಲ್ಲಿ ಊಬರ್, ಬೋಲ್ಟ್ ಉಂಟು.

ದುಡ್ಡು: ಸೀಡಿ, ಅದರ ಚಿಲ್ಲರೆ ಪೆಸೆವಾ. ನಮ್ಮ ರೂಪಾಯಿ ಅಲ್ಲಿ ನಡೆಯುವುದಿಲ್ಲ, ಡಾಲರ್ ತನ್ನಿ. ಹೊಸ ನೂರರ ನೋಟಿಗೆ ಒಳ್ಳೆ ರೇಟು, ಮಡಚಿದ್ದು ಹರಿದದ್ದು ತೆಗೆದುಕೊಳ್ಳುವುದಿಲ್ಲ. ಸೀಡಿ ಬೆಲೆ ತುಂಬ ಮೇಲೆ ಕೆಳಗೆ ಆಗ್ತದೆ, ಹಾಗಾಗಿ ಒಮ್ಮೆಲೇ ಎಲ್ಲ ಬದಲಾಯಿಸಬೇಡಿ. ಎಟಿಎಂಗೆ ವೀಸಾ ಕಾರ್ಡ್ ಒಳ್ಳೆಯದು. ನಿಜವಾಗಿ ದೇಶ ನಡೆಯುವುದು ಮೊಬೈಲ್ ಮನಿಯಲ್ಲಿ, "ಮೊಮೊ" ಅಂತ ಹೇಳ್ತಾರೆ. ಟೊಮೆಟೊ ಮಾರುವ ಹೆಂಗಸಿನಿಂದ ಹಿಡಿದು ಲಾರಿ ಬಾಡಿಗೆಯವರೆಗೆ ಎಲ್ಲ ಅದರಲ್ಲೇ. ಪಾಸ್‌ಪೋರ್ಟ್ ತೋರಿಸಿ ಎಂಟಿಎನ್ ಸಿಮ್ ಮಾಡಿಸಿಕೊಳ್ಳಿ.

ಬೀಜ ಬರ್ಲಿಕ್ಕೆ ಶುರುವಾಗುವವರೆಗೆ ನೀವು ಅಲ್ಲೇ ಇದ್ದರೆ ಯಜಮಾನರ ಗೋದಾಮಿನಲ್ಲಿ ಒಮ್ಮೆ ಕಟಿಂಗ್ ಟೆಸ್ಟ್ ನೋಡಿ. ಬೇರೆ ಬೇರೆ ಗೋಣಿಯಿಂದ ಬೀಜ ತೆಗೆದು ಬೆರೆಸಿ, ಒಂದು ಕಿಲೋ ತೂಗಿ, ಒಂದೊಂದೇ ಬೀಜವನ್ನು ಕಟರಿನಲ್ಲಿ ಎರಡು ಹೋಳು ಮಾಡ್ತಾರೆ. ಬಿಳಿ ತಿರುಳು ಒಂದು ಕಡೆ, ಚುಕ್ಕೆ ಬಿದ್ದದ್ದು ಒಂದು ಕಡೆ, ಮುದುಡಿದ್ದು, ಹುಳ ತಿಂದದ್ದು ಇನ್ನೊಂದು ಕಡೆ. ತೂಗಿ ಲೆಕ್ಕ ಹಾಕಿದರೆ 80 ಕಿಲೋ ಗೋಣಿಗೆ ಇಷ್ಟು ಪೌಂಡ್ ತಿರುಳು ಅಂತ ಬರ್ತದೆ. ಅದೇ ಔಟ್‌ಟರ್ನ್. ಒಂದು ಪೌಂಡ್ ಹೆಚ್ಚು ಕಡಿಮೆಯಾದರೆ ಒಂದು ಕಂಟೇನರಿನ ಲಾಭವೇ ಹೋಗ್ತದೆ. ಗಂಡ ಸೀಸನ್ನಿನಲ್ಲಿ ಯಾಕೆ ಫೋನ್ ಎತ್ತುವುದಿಲ್ಲ ಅಂತ ನಿಮಗೇ ಅರ್ಥ ಆಗ್ತದೆ.

ಧಾರವಾಡ_ಡಾಕ್ಟರ್

ತಂಗಿ, ಉಳಿದದ್ದೆಲ್ಲಾ ಆಮ್ಯಾಲ, ಮೊದಲ ಲಸಿಕಿ ಮಾತಾಡೋಣು.

ಹಳದಿ ಜ್ವರದ ಲಸಿಕಿ ಪತ್ರ ಇಲ್ಲದ ಘಾನಾದಾಗ ಒಳಗ ಬಿಡಂಗಿಲ್ಲ. ವಾಪಸ್ ಬರೂಮುಂದ ನಮ್ಮ ದೇಶದಾಗನೂ ಅದನ್ನ ಕೇಳತಾರ, ಇಲ್ಲಂದ್ರ ಆರು ದಿನದ ತನಕ ಕ್ವಾರಂಟೈನ್. ಯಾಕಂದ್ರ ಆ ರೋಗ ನಮ್ಮಲ್ಲಿಲ್ಲ, ಆದ್ರ ಅದನ್ನ ಹರಡೋ ಈಡಿಸ್ ಸೊಳ್ಳಿ ಓಣಿ ಓಣಿಗೂ ಐತಿ. ಸರ್ಕಾರ ಒಪ್ಪಿದ ಕೇಂದ್ರದಾಗ ಮಾತ್ರ ಹಾಕಿಸ್ರಿ, ಬೆಂಗಳೂರಾಗ ಅದಾವ, ಮೊದಲ ಹೆಸರು ಹಚ್ಚಬೇಕಾಗತದ. ಹಾಕಿಸಿಕೊಂಡ ಹತ್ತು ದಿನ ಆದಮ್ಯಾಲನ ಪತ್ರಕ್ಕ ಬೆಲಿ. ಒಮ್ಮೆ ಹಾಕಿಸಿದ್ರ ಜೀವನಪೂರ್ತಿ ನಡೀತದ, 2016ರಿಂದ ಹಂಗ ನಿಯಮ ಆಗ್ಯದ. ಪತ್ರದಾಗಿನ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಅಕ್ಷರಕ್ಕಕ್ಷರ ಕೂಡಬೇಕು.

ಈಗ ನಿಮ್ಮ ಅತ್ತಿ ವಿಷಯ. ಇದು ಜೀವಂತ ವೈರಸ್ ಲಸಿಕಿ. ಅರವತ್ತು ದಾಟಿದವರಿಗೆ ಮೊದಲ ಸಲ ಹಾಕೂಮುಂದ ಗಂಭೀರ ಅಡ್ಡಪರಿಣಾಮದ ಅಪಾಯ ಹರೇದವರಿಗಿಂತ ಹೆಚ್ಚು. ಹೆಚ್ಚು ಅಂದ್ರೂ ಅಪರೂಪನ, ಆದ್ರ ಇಲ್ಲ ಅನ್ನಾಕ ಬರಂಗಿಲ್ಲ. ಮೊಟ್ಟಿ ತಿಂದ್ರ ಮೈ ಬಾವು ಬರೋವಂಥ ತೀವ್ರ ಅಲರ್ಜಿ, ಥೈಮಸ್ ಗ್ರಂಥಿ ಕಾಯಿಲೆ, ಪ್ರತಿರೋಧ ಶಕ್ತಿ ಕುಗ್ಗಿಸೋ ಔಷಧ, ಇವು ಇದ್ದರ ಹಾಕಂಗಿಲ್ಲ. ನಿಮ್ಮ ಅತ್ತಿಯವರು ಮೊಟ್ಟಿ ತಿನ್ನೋದೇ ಇಲ್ಲ, ಹಂಗಾಗಿ ಅಲರ್ಜಿ ಐತೋ ಇಲ್ಲೋ ಅಂತ ಅವರಿಗೂ ಗೊತ್ತಿರಂಗಿಲ್ಲ. ಇದನ್ನ ಡಾಕ್ಟರ ಮುಂದ ಬಿಚ್ಚಿ ಹೇಳ್ರಿ, ಮುಚ್ಚಿಡಬ್ಯಾಡ್ರಿ. ಬಿಪಿ ಒಂದಕ್ಕ ಯಾರೂ ಬ್ಯಾಡ ಅನ್ನಂಗಿಲ್ಲ. ವಿನಾಯಿತಿ ಪತ್ರ ಅಂತ ಒಂದು ಐತಿ ಖರೆ, ಆದ್ರ ಅದನ್ನ ಒಪ್ಪೋದು ಬಿಡೋದು ಎರಡೂ ಕಡಿ ಅಧಿಕಾರಿಗಳ ಕೈಯಾಗ. ರೋಗಕ್ಕೂ ರಕ್ಷಣಿ ಇರಂಗಿಲ್ಲ. ಲಸಿಕಿ ಹಾಕಬಾರದು ಅಂತ ಡಾಕ್ಟರು ಹೇಳಿದ್ರ ಅತ್ತಿ ಪ್ರಯಾಣ ಕೈಬಿಡ್ರಿ, ಇದು ನನ್ನ ಸ್ಪಷ್ಟ ಅಭಿಪ್ರಾಯ.

ಎರಡನೇದು ಮಲೇರಿಯಾ. ಮಂಗಳೂರ ಕಡಿ ಮಂದಿ "ನಮಗ ಮಲೇರಿಯಾ ಹೊಸದಲ್ಲ" ಅಂತಾರ. ಅಲ್ಲಿ ಹೆಚ್ಚಾಗಿ ಕಂಡದ್ದು ವೈವಾಕ್ಸ್ ಅನ್ನೋ ಮಲೇರಿಯಾ ಜಾತಿ. ಘಾನಾದಾಗ ಇರೋದು ಬಹುತೇಕ ಫಾಲ್ಸಿಪಾರಮ್, ಅದು ಮಿದುಳಿಗೆ ಏರಿ ಎರಡು ಮೂರು ದಿನದಾಗ ಜೀವಾ ತಗೀಬಹುದು. ಕ್ಲೋರೋಕ್ವಿನ್ ಅಲ್ಲಿ ನಡಿಯಂಗಿಲ್ಲ. ಮಲೇರಿಯಾ ಬರದಂಗ ತಡಿಯೋ ಮಾತ್ರಿ ಅಟೊವಾಕ್ವೋನ್-ಪ್ರೊಗ್ವಾನಿಲ್ ಆದ್ರ ಹೊರಡೂಕಿಂತ ಒಂದೆರಡು ದಿನ ಮೊದಲ ಶುರು, ದಿನಾ ಒಂದು, ವಾಪಸ್ ಬಂದು ಏಳು ದಿನ. ಡಾಕ್ಸಿಸೈಕ್ಲಿನ್ ಆದ್ರ ಬಂದಮ್ಯಾಲ ನಾಲ್ಕು ವಾರ. ಯಾವುದು ಯಾರಿಗೆ ಅಂತ ನಿಮ್ಮ ಡಾಕ್ಟರು ಹೇಳಲಿ. ಸೊಳ್ಳಿ ಪರದಿ, ಡೀಟ್ ಅಥವಾ ಪಿಕಾರಿಡಿನ್ ಇರೋ ಮುಲಾಮು, ಸಂಜಿಗೆ ತುಂಬುತೋಳು.

ಊರಿಗೆ ಬಂದಮ್ಯಾಲ ಮೂರು ತಿಂಗಳದೊಳಗ ಯಾವುದ ಜ್ವರ ಬಂದ್ರೂ ಅವತ್ತ ದವಾಖಾನಿಗೆ ಹೋಗಿ "ನಾ ಘಾನಾಕ್ಕ ಹೋಗಿದ್ದೆ, ಮಲೇರಿಯಾ ಟೆಸ್ಟ್ ಮಾಡ್ರಿ" ಅಂತ ಬಾಯಿಬಿಟ್ಟು ಹೇಳ್ರಿ. ಡೆಂಗಿ ಇರಬೇಕು, ವೈರಲ್ ಇರಬೇಕು ಅಂತ ಮೂರು ದಿನ ಕಾಯೋದು ಬ್ಯಾಡ. ಮಾತ್ರಿ ತಗೊಂಡಿದ್ರೂ ಇದು ತಪ್ಪಬಾರದು.

ಉತ್ತರ ಭಾಗಕ್ಕ ಹೋಗೋದಿದ್ರ ಡಿಸೆಂಬರ್‌ನಿಂದ ಜೂನ್ ತನಕ ಮೆನಿಂಜೈಟಿಸ್ ಕಾಲ, ಆ ಲಸಿಕಿನೂ ಕೇಳ್ರಿ. ವೋಲ್ಟಾ ಸರೋವರದಾಗ ಕಾಲು ಇಳಿಬಿಡಬ್ಯಾಡ್ರಿ, ಬಸವನಹುಳದಿಂದ ಬರೋ ಶಿಸ್ಟೊಸೋಮಿಯಾಸಿಸ್ ರೋಗ ಐತಿ. ಬಿಪಿ ಮಾತ್ರಿ ಚೀಟಿ ಸಮೇತ ಕೈಚೀಲದಾಗ ಇಟ್ಕೊಳ್ರಿ. ಅಲ್ಲಿ ತುರ್ತು ನಂಬರ್ 112.

ಮಲೆನಾಡ_ಸೊಸೆ

ಡಾಕ್ಟ್ರೇ, ಮೊಟ್ಟೆ ಅಲರ್ಜಿಯ ವಿಷಯ ನಮಗೆ ಹೊಳೆದೇ ಇರಲಿಲ್ಲ. ಅತ್ತೆಯವರನ್ನು ತೋರಿಸಿಯೇ ಟಿಕೆಟ್ ಮಾಡುತ್ತೇವೆ. ಊಟದ ಬಗ್ಗೆ ಯಾರಾದರೂ ಹೇಳಿ. ಅವರಿಗೆ ಮೀನಿನ ವಾಸನೆ ಬಂದರೂ ಊಟ ಸೇರುವುದಿಲ್ಲ.

ಆಕ್ರಾ_ಅಡುಗೆಮನೆ

ಅಕ್ಕಾ, ನಾನೂ ಸಸ್ಯಾಹಾರಿ, ಮೈಸೂರಿನವಳು, ಸದ್ಯ ಆಕ್ರಾ. ಹೋಟೆಲಿನಲ್ಲಿ "ವೆಜಿಟೇರಿಯನ್" ಅಂದರೆ ಕೋಳಿ ತೆಗೆದು ಮೀನು ಹಾಕಿ ಕೊಡುತ್ತಾರೆ. ಮಾಂಸ ಬೇಡ, ಮೀನು ಬೇಡ, ಸಿಗಡಿ ಪುಡಿ ಬೇಡ, ಸಾರಿನ ಕ್ಯೂಬ್ ಬೇಡ ಅಂತ ಒಂದೊಂದನ್ನೇ ಬಿಡಿಸಿ ಹೇಳಬೇಕು. ಇಲ್ಲಿ ಒಣಮೀನು ಒಗ್ಗರಣೆಯಷ್ಟೇ ಸಹಜ, ಅದನ್ನು ಮಾಂಸಾಹಾರ ಅಂತ ಯಾರೂ ಎಣಿಸುವುದಿಲ್ಲ. ಶಿಟೊ ಅನ್ನುವ ಕಪ್ಪು ಖಾರದ ಚಟ್ನಿಯಲ್ಲೂ ಒಣಮೀನು, ಸಿಗಡಿ ಇರುತ್ತದೆ.

ಧೈರ್ಯವಾಗಿ ತಿನ್ನಬಹುದಾದದ್ದು ಕೆಲೆವೆಲೆ, ಅಂದರೆ ಶುಂಠಿ ಖಾರ ಹಚ್ಚಿ ಕರಿದ ಬಾಳೆಹಣ್ಣು. ಸಂಜೆ ರಸ್ತೆ ಬದಿಯಲ್ಲಿ ಬಿಸಿಬಿಸಿ ಸಿಗುತ್ತದೆ, ಅದೇ ಎಣ್ಣೆಯಲ್ಲಿ ಮೀನು ಕರಿದಿಲ್ಲ ತಾನೇ ಅಂತ ಮಾತ್ರ ಕೇಳಿ. ರೆಡ್‌ರೆಡ್ ಅಂದರೆ ಅಲಸಂದೆ ಕಾಳನ್ನು ಕೆಂಪು ತಾಳೆ ಎಣ್ಣೆಯಲ್ಲಿ ಬೇಯಿಸಿ ಬಾಳೆಹಣ್ಣಿನ ಜೊತೆ ಕೊಡುವುದು, ಮೀನಿಲ್ಲದೆ ಮಾಡಿಸಬಹುದು. ವಾಚೆ ನನಗೆ ತುಂಬ ಇಷ್ಟ. ಅಕ್ಕಿ ಮತ್ತು ಕಾಳನ್ನು ಜೋಳದ ಗರಿ ಹಾಕಿ ಬೇಯಿಸುತ್ತಾರೆ, ಅನ್ನ ಕಂದುಗೆಂಪಾಗುತ್ತದೆ. ಬೆಳಗ್ಗೆ ಮಾರುವ ಹೆಂಗಸಿನ ಮುಂದೆ ಸಾಲು ನಿಂತಿರುತ್ತದೆ. ಆಕೆ ಅಗಲ ಎಲೆಯೊಂದನ್ನು ಅಂಗೈಯಲ್ಲಿ ಹರಡಿ, ಸೌಟಿನಲ್ಲಿ ಅನ್ನ ಹಾಕಿ, ಅದರ ಮೇಲೆ ಒಂದೊಂದೇ ಪದಾರ್ಥ ಪೇರಿಸುತ್ತಾ ಹೋಗುತ್ತಾಳೆ. ನೀವು "ಬರೀ ವಾಚೆ, ಗಾರಿ" (ಗಾರಿ ಅಂದರೆ ಮರಗೆಣಸಿನ ಹುರಿದ ತರಿ) ಅಂತ ಹೇಳಿ ಅಲ್ಲೇ ಕೈ ಅಡ್ಡ ಹಿಡಿಯಿರಿ, ಇಲ್ಲದಿದ್ದರೆ ಶಿಟೊ ಬಿದ್ದೇ ಬಿಡುತ್ತದೆ.

ಟೆಚಿಮಾನ್ ಸಂತೆ ದೇಶದ ದೊಡ್ಡ ಸಂತೆಗಳಲ್ಲಿ ಒಂದು. ಗೆಣಸಿನ ಜಾತಿಯ ಯಾಮ್, ಟೊಮೆಟೊ, ಬೆಂಡೆ, ಬಿಳಿ ಬದನೆ, ಶೇಂಗಾ, ಅಲಸಂದೆ, ಕೆಸುವಿನ ಜಾತಿಯ ಕೊಂಟೊಮಿರೆ ಸೊಪ್ಪು, ಎಲ್ಲ ರಾಶಿ. ಮನೆಯಲ್ಲೇ ಅಡುಗೆ ಮಾಡಿದರೆ ಅತ್ತೆಯವರಿಗೆ ಯಾವ ತೊಂದರೆಯೂ ಆಗುವುದಿಲ್ಲ. ತೊಗರಿಬೇಳೆ, ಗೋಧಿಹಿಟ್ಟು ಆಕ್ರಾದ ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ, ಬರುವಾಗಲೇ ತುಂಬಿಸಿಕೊಳ್ಳಿ. ಸಾರಿನಪುಡಿ, ಇಂಗು ಊರಿಂದ ತನ್ನಿ. ನೀರು ಅರ್ಧ ಲೀಟರಿನ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಸಿಗುತ್ತದೆ. ಅತ್ತೆಯವರಿಗೆ ಸೀಲ್ ಇರುವ ಬಾಟಲಿಯೇ ಇರಲಿ.

ಜನವರಿಯಲ್ಲಿ ಹರ್ಮಟಾನ್ ಗಾಳಿ ಸಹಾರಾದಿಂದ ದೂಳು ಹೊತ್ತು ತರುತ್ತದೆ. ಬಟ್ಟೆ ಕ್ಷಣದಲ್ಲಿ ಒಣಗುತ್ತದೆ, ತುಟಿ ಹಿಮ್ಮಡಿ ಒಡೆಯುತ್ತದೆ. ಕೊಬ್ಬರಿ ಎಣ್ಣೆ ಮರೆಯಬೇಡಿ.

ಇನ್ನೊಂದು ಮಾತು: ಆಕ್ರಾದ ಓಡೋರ್ಕರ್‌ನಲ್ಲಿ ಹಿಂದೂ ಮಠ ಒಂದಿದೆ. ಕಟ್ಟಿದವರು ಸ್ವಾಮಿ ಘನಾನಂದ ಸರಸ್ವತಿ, ಘಾನಾದವರೇ, 2016ರಲ್ಲಿ ತೀರಿಕೊಂಡರು. ಭಜನೆ ಮಾಡುವವರೂ ಸ್ಥಳೀಯರೇ. ಅತ್ತೆಯವರನ್ನು ಕರೆದುಕೊಂಡು ಹೋಗಿ, ಅವರ ಅರ್ಧ ಅಳುಕು ಅಲ್ಲೇ ಹೋಗುತ್ತದೆ.

ಇತಿಹಾಸ_ಓದುಗ

ನೋಡುವ ಜಾಗಗಳಲ್ಲಿ ನನ್ನ ಒತ್ತಾಯ ಒಂದೇ: ಕೇಪ್ ಕೋಸ್ಟ್ ಮತ್ತು ಎಲ್ಮಿನಾ ಕೋಟೆಗಳು. ಎಲ್ಮಿನಾವನ್ನು ಪೋರ್ಚುಗೀಸರು 1482ರಲ್ಲಿ ಕಟ್ಟಿದರು, ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬರುವ ಹದಿನಾರು ವರ್ಷ ಮೊದಲು. 1637ರಲ್ಲಿ ಡಚ್ಚರು ಕಿತ್ತುಕೊಂಡರು. ಮೊದಲು ಚಿನ್ನದ ವ್ಯಾಪಾರ, ಆಮೇಲೆ ಮನುಷ್ಯರ ವ್ಯಾಪಾರ. ಕೇಪ್ ಕೋಸ್ಟ್‌ನಲ್ಲಿ ಗಂಡಸರ ನೆಲಮಾಳಿಗೆಗೆ ಇಳಿದರೆ ಗೋಡೆಯ ಮೇಲ್ಭಾಗದ ಸಣ್ಣ ಕಿಂಡಿಗಳಿಂದ ಬರುವಷ್ಟೇ ಬೆಳಕು. ತಲೆಯ ಮೇಲೆ ಬಿಳಿಯರ ಪ್ರಾರ್ಥನಾ ಮಂದಿರ ಇತ್ತು ಅಂತ ಗೈಡ್ ತೋರಿಸುತ್ತಾರೆ. ಸಮುದ್ರದ ಕಡೆಯ ಬಾಗಿಲಿನಾಚೆ ಹಡಗು ಕಾಯುತ್ತಿತ್ತು. ಗೈಡ್ ಇಲ್ಲದೆ ನೋಡಬೇಡಿ, ಅವಸರವಾಗಿಯೂ ನೋಡಬೇಡಿ. ಅಮೆರಿಕ, ಕೆರಿಬಿಯನ್‌ನಿಂದ ತಮ್ಮ ಪೂರ್ವಜರನ್ನು ನೆನೆದು ಬಂದವರು ಅಲ್ಲಿ ಅಳುತ್ತಿರುತ್ತಾರೆ. ಆ ಜಾಗದಲ್ಲಿ ಸೆಲ್ಫಿ ಬೇಡ.

ತುಂಗಾತೀರ

ಸರ್, ವಯಸ್ಸಾದವರನ್ನು ರಜೆಯಲ್ಲಿ ಅಂಥ ಜಾಗಕ್ಕೆ ಕರೆದುಕೊಂಡು ಹೋಗಲೇಬೇಕೇ? ಹತ್ತಿರದಲ್ಲೇ ಕಾಕುಮ್ ಕಾಡಿದೆ, ಮರಗಳ ತುದಿಯಲ್ಲಿ ತೂಗುಸೇತುವೆ. ಅದು ಸಾಲದೇ?

ಇತಿಹಾಸ_ಓದುಗ

ಕಾಕುಮ್ ಚೆನ್ನಾಗಿದೆ, ಏಳು ಸೇತುವೆ, ಒಟ್ಟು 350 ಮೀಟರ್. ಆದರೆ 66 ವರ್ಷದವರಿಗೆ ಕಷ್ಟವಾಗುವುದು ಕೋಟೆಗಿಂತ ಆ ಸೇತುವೆಯೇ, ನೆಲದಿಂದ 30 ಮೀಟರಿಗೂ ಮೇಲೆ ಅಲುಗಾಡುತ್ತದೆ. ಬದುಕು ಕಂಡ ಹಿರಿಯರಿಂದ ದುಃಖವನ್ನು ಮುಚ್ಚಿಡಬೇಕು ಅಂತ ನನಗೆ ಅನ್ನಿಸುವುದಿಲ್ಲ. ಮೆಟ್ಟಿಲು ಇಳಿಯಲಾಗದಿದ್ದರೆ ಅಂಗಳದಲ್ಲಿ ಕೂರಬಹುದು. ಕೇಳಿ ನೋಡಿ, ಅವರೇ ಹೇಳಲಿ.

ಇನ್ನೊಂದು ವಿಷಯ, ಅಲ್ಲಿಯವರು ಕೇಳಿದರೆ ಗೊತ್ತಿರಲಿ. ಲೆಗಾನ್‌ನ ಘಾನಾ ವಿಶ್ವವಿದ್ಯಾಲಯದಲ್ಲಿ 2016ರಲ್ಲಿ ಪ್ರಣಬ್ ಮುಖರ್ಜಿ ಗಾಂಧಿ ಪ್ರತಿಮೆ ಅನಾವರಣ ಮಾಡಿದ್ದರು. ದಕ್ಷಿಣ ಆಫ್ರಿಕಾದ ಮೊದಲ ವರ್ಷಗಳಲ್ಲಿ ಗಾಂಧಿ ಕಪ್ಪು ಜನರ ಬಗ್ಗೆ ಬರೆದದ್ದನ್ನು ಎತ್ತಿ ಅಲ್ಲಿಯ ಪ್ರಾಧ್ಯಾಪಕರು ವಿರೋಧಿಸಿದರು, 2018ರ ಡಿಸೆಂಬರ್‌ನಲ್ಲಿ ಪ್ರತಿಮೆ ತೆಗೆದರು. 2016ರಲ್ಲೇ ನಮ್ಮ ಬೆಂಗಳೂರಿನಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತ್ತು. ಅದನ್ನೂ ಅಲ್ಲಿಯವರು ಓದಿದ್ದಾರೆ. ಕೇಳಿದರೆ ಸಮರ್ಥನೆಗೆ ಇಳಿಯದೆ, ತಪ್ಪಾಯಿತು ಅಂತ ನೇರವಾಗಿ ಒಪ್ಪಿಕೊಳ್ಳುವುದು ಸರಿ.

ಆಕ್ರಾದ ಸೇನಾ ಕೇಂದ್ರದ ಹೆಸರು ಬರ್ಮಾ ಕ್ಯಾಂಪ್. ಎರಡನೇ ಮಹಾಯುದ್ಧದಲ್ಲಿ ಘಾನಾದ ಸೈನಿಕರು ನಮ್ಮವರ ಜೊತೆಗೇ ಬರ್ಮಾದಲ್ಲಿ ಹೋರಾಡಿದ್ದರು. ಹಾಗೆ ಹೋರಾಡಿ ಬಂದ ಮಾಜಿ ಸೈನಿಕರು 1948ರ ಫೆಬ್ರವರಿ 28ರಂದು ತಮಗೆ ಬರಬೇಕಾದದ್ದನ್ನು ಕೇಳಿಕೊಂಡು ಮೆರವಣಿಗೆ ಹೊರಟಾಗ ಪೊಲೀಸರ ಗುಂಡಿಗೆ ಮೂವರು ಸತ್ತರು. ಸ್ವಾತಂತ್ರ್ಯ ಚಳವಳಿಗೆ ವೇಗ ಬಂದದ್ದು ಅಲ್ಲಿಂದ. ನೆನಪಿಡಿ, ಸೇನೆಯ ಜಾಗ, ವಿಮಾನ ನಿಲ್ದಾಣ, ಅಧ್ಯಕ್ಷರ ಭವನದ ಫೋಟೊ ತೆಗೆಯುವಂತಿಲ್ಲ. ಸೈನಿಕರ ಸಮವಸ್ತ್ರದ ಹಾಗಿನ ಮಚ್ಚೆ ಮಚ್ಚೆ (ಕ್ಯಾಮಫ್ಲಾಜ್) ವಿನ್ಯಾಸದ ಬಟ್ಟೆಯನ್ನೂ ನಾಗರಿಕರು ಹಾಕುವಂತಿಲ್ಲ.

ಕಾರ್ಕಳ_ಗೇರುಬೀಜ

ಕೇಪ್ ಕೋಸ್ಟ್ ದಕ್ಷಿಣಕ್ಕೆ, ನಿಮ್ಮ ಊರು ನಡುನಾಡು. ಹೋಗುವಾಗ ಅಥವಾ ಬರುವಾಗ ಆಕ್ರಾದಿಂದಲೇ ಮುಗಿಸಿ. ಟೆಚಿಮಾನ್‌ನಿಂದ ಕಿಂಟಾಂಪೊ ಜಲಪಾತ ಹತ್ತಿರ. ಬೊಆಬೆಂಗ್-ಫಿಯೆಮಾ ಅಂತ ಎರಡು ಹಳ್ಳಿ ಉಂಟು, ಅಲ್ಲಿ ಮಂಗಗಳು ಪವಿತ್ರ. ಯಾರೂ ಮುಟ್ಟುವುದಿಲ್ಲ, ಸತ್ತರೆ ಮನುಷ್ಯರಿಗೆ ಮಾಡಿದ ಹಾಗೆ ಹೂಳ್ತಾರೆ, ಸ್ಮಶಾನವೇ ಉಂಟು. ಅತ್ತೆಯವರಿಗೆ ಖಂಡಿತ ಇಷ್ಟ ಆಗ್ತದೆ. ಆನೆ ನೋಡಬೇಕಾದರೆ ಮೋಲೆ ಕಾಡು, ಬೇಸಿಗೆ ಒಣಗಿದ ಹಾಗೆ ನೀರಿನ ಹೊಂಡಕ್ಕೆ ಬರ್ತವೆ, ಬಂದೂಕು ಹಿಡಿದ ರೇಂಜರ್ ಜೊತೆ ನಡೆದೇ ನೋಡಬಹುದು. ಪಕ್ಕದಲ್ಲಿ ಲರಬಂಗದ ಹಳೆಯ ಮಣ್ಣಿನ ಮಸೀದಿ. ಅದಕ್ಕಿಂತ ಉತ್ತರಕ್ಕೆ, ಬಾವ್ಕು ಮತ್ತು ಬುರ್ಕಿನಾ ಗಡಿ ಕಡೆ ಬೇಡವೇ ಬೇಡ, ಅಲ್ಲಿ ಜಗಳ ಉಂಟು.

ಚಿನ್ನ ಕಡಿಮೆಗೆ ಕೊಡ್ತೇವೆ ಅಂತ ಯಾರಾದರೂ ಬಂದರೆ ಮಾತೇ ಬೆಳೆಸಬೇಡಿ. ನಮ್ಮ ಜನ ತುಂಬ ಕಳೆದುಕೊಂಡಿದ್ದಾರೆ.

ಪುತ್ತೂರು_ಅಡಿಕೆತೋಟ

ನನ್ನದೊಂದು ಕೋರಿಕೆ ಉಂಟು. ನಮ್ಮ ಅಡಿಕೆ ತೋಟದ ನಡುವೆ ಕೊಕ್ಕೊ ಹಾಕಿದ್ದೇವೆ, ಕ್ಯಾಂಪ್ಕೊ ಸಹಕಾರಿ ಸಂಘಕ್ಕೆ ಕೊಡುತ್ತೇವೆ. ಕೊಕ್ಕೊ ಬೆಳೆಯಲ್ಲಿ ಘಾನಾ ಜಗತ್ತಿನ ದೊಡ್ಡ ದೇಶಗಳಲ್ಲಿ ಒಂದಂತೆ. ಬರುವಾಗ ಒಂದೆರಡು ಒಳ್ಳೆಯ ತಳಿಯ ಕಾಯಿ ತರಬಹುದಾ?

ತೇಮಾ_ನಿವಾಸಿ

ದಯವಿಟ್ಟು ತರಿಸಬೇಡಿ. ಇಲ್ಲಿ ಕೊಕ್ಕೊಗೆ ರೆಂಬೆ ಊದಿಸುವ ವೈರಸ್ ರೋಗ ಇದೆ, 1936ರಲ್ಲಿ ಮೊದಲು ಕಂಡದ್ದೇ ಈ ದೇಶದಲ್ಲಿ. ಹಿಟ್ಟು ತಿಗಣೆ ಹರಡುತ್ತದೆ, ಔಷಧ ಇಲ್ಲ, ಮರ ಕಡಿಯುವುದೊಂದೇ ದಾರಿ. ಕೋಟಿಗಟ್ಟಲೆ ಮರ ಕಡಿದಿದ್ದಾರೆ. ಕಾಯಿ, ಬೀಜ, ಕಡ್ಡಿ ಏನನ್ನೂ ಪರವಾನಗಿ ಇಲ್ಲದೆ ಭಾರತಕ್ಕೆ ತರುವುದು ಕಾನೂನಿಗೂ ವಿರುದ್ಧ. ಹೊಸ ತಳಿ ಬೇಕಾದರೆ ವಿಟ್ಲದ ಸಿಪಿಸಿಆರ್‌ಐ (ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೇಂದ್ರದಲ್ಲಿ ಕೇಳಿ, ಅವರ ಬಳಿ ನಮ್ಮ ಮಣ್ಣಿಗೆ ಹೊಂದುವ ಕಸಿ ಗಿಡಗಳಿವೆ. ಚಾಕೊಲೇಟ್ ಎಷ್ಟು ಬೇಕಾದರೂ ತರಿಸಿಕೊಳ್ಳಿ.

ಮಲೆನಾಡ_ಸೊಸೆ

ಎಲ್ಲರಿಗೂ ತುಂಬ ತುಂಬ ಧನ್ಯವಾದ. ಅತ್ತೆಯವರನ್ನು ಡಾಕ್ಟರಿಗೆ ತೋರಿಸಿದೆವು. ಮದುವೆ ಮನೆಗಳಲ್ಲಿ ಮೊಟ್ಟೆ ಹಾಕಿದ ಕೇಕ್ ತಿಂದು ಏನೂ ಆಗಿಲ್ಲ ಅನ್ನುವುದು ವಿಚಾರಿಸಿದಾಗ ಹೊರಬಂತು. ಪರೀಕ್ಷೆ ಎಲ್ಲ ಮಾಡಿ, ಅಪಾಯವನ್ನೂ ವಿವರಿಸಿ, ಲಸಿಕೆ ಹಾಕಬಹುದು ಅಂದರು. ಅವರೂ ಒಪ್ಪಿ ಹಾಕಿಸಿಕೊಂಡರು. ಕೇಪ್ ಕೋಸ್ಟ್ ಬಗ್ಗೆ ಓದಿ ಹೇಳಿದೆ, "ಅದನ್ನು ನೋಡದೆ ಬರಬಾರದು" ಅಂದರು. ಕೊನೆಯದೊಂದು ಪ್ರಶ್ನೆ, ಅಲ್ಲಿಯ ಮನೆಗಳಿಗೆ ಕರೆದರೆ ಏನು ಒಯ್ಯಬೇಕು, ಹೇಗೆ ನಡೆದುಕೊಳ್ಳಬೇಕು?

ಆಕ್ರಾ_ಅಡುಗೆಮನೆ

ಎಡಗೈಯಿಂದ ಏನನ್ನೂ ಕೊಡಬಾರದು, ತೆಗೆದುಕೊಳ್ಳಬಾರದು, ಕೈ ತೋರಿಸಲೂಬಾರದು, ಇದು ನಮಗೆ ಗೊತ್ತಿರುವುದೇ. ಒಳಗೆ ಹೋದ ಕೂಡಲೇ ಕುಳಿತ ಎಲ್ಲರಿಗೂ ಬಲಗಡೆಯಿಂದ ಶುರುಮಾಡಿ ಒಬ್ಬೊಬ್ಬರಿಗೇ ಕೈಕೊಟ್ಟು ಮಾತಾಡಿಸಬೇಕು, ಕೆಲಸದ ಮಾತು ಆಮೇಲೆ. ಮೊದಲು ನೀರು ಕೊಡುತ್ತಾರೆ, ಗುಟುಕು ಕುಡಿದ ಹಾಗೆ ಮಾಡಿದರೂ ಸಾಕು. ಹುಟ್ಟಿದ ವಾರ ಕೇಳುತ್ತಾರೆ, ವಾರದ ಮೇಲೆ ಹೆಸರಿಡುವುದು ಅವರ ಪದ್ಧತಿ. ಶುಕ್ರವಾರ ಹುಟ್ಟಿದ ಹೆಣ್ಣಾದರೆ ಅಫುವಾ, ಶನಿವಾರವಾದರೆ ಅಮಾ. ಅತ್ತೆಯವರ ಜನ್ಮವಾರ ನೋಡಿಕೊಂಡು ಬನ್ನಿ. ಒಯ್ಯಲು ಊರಿನ ಗೇರುಬೀಜದ ಬರ್ಫಿ ಒಂದೆರಡು ಡಬ್ಬಿ ಇರಲಿ. ಬೀಜ ಬೆಳೆಯುವ ಮನೆಗಳಲ್ಲಿ ಅದರ ಸಿಹಿ ಮಾಡುವ ರೂಢಿ ಇಲ್ಲ, ತಮ್ಮ ಬೆಳೆಯಿಂದ ಇದೂ ಆಗುತ್ತದಾ ಅಂತ ಮಕ್ಕಳು ಕೂಡ ಕೇಳಿ ತಿನ್ನುತ್ತಾರೆ.